ಹಡಗಿನ ಚೀಫ್ ಎಂಜಿನಿಯರ್: ಕ್ಯಾಪ್ಟನ್ ಇರುವಾಗ ಇವರ ಹೊಣೆ ಏನು?

2006ರ ಮೇ 30, ಮಳೆಗಾಲ ಕಾಲಿಡುತ್ತಿದ್ದ ಹೊತ್ತು. ಪನಾಮಾ ಧ್ವಜದ 'ಓಶನ್ ಸೆರಾಯಾ' ಎಂಬ ಸರಕು ಹಡಗು ಕಾರವಾರದ ಎದುರಿನ ದೇವಗಡ ದ್ವೀಪದ ಬಂಡೆಗಳಿಗೆ ಬಡಿದು ಸಿಕ್ಕಿಕೊಂಡಿತು. ನಾವಿಕರ ನಕ್ಷೆಯಲ್ಲಿ ಈ ಜಾಗದ ಹೆಸರು ಆಯ್ಸ್ಟರ್ ರಾಕ್ಸ್. ಕಾಳಿ ನದಿ ಸಮುದ್ರ ಸೇರುವಲ್ಲಿ ಚಾಚಿಕೊಂಡಿರುವ ದೇವಬಾಗದ ಮರಳಿನ ಪಟ್ಟಿಗೆ ಇದು ದೂರವೇನಲ್ಲ. ಹಡಗಿನಿಂದ ಸೋರಿದ ಎಣ್ಣೆ ಕಾರವಾರದ ಕಡಲತೀರಕ್ಕೂ ಗೋವಾದ ದಕ್ಷಿಣ ತುದಿಗೂ ಬಂತು.

ಇಂಥ ಸುದ್ದಿ ಓದಿದಾಗ ಎಣ್ಣೆ ಸಾಗಿಸುವ ಟ್ಯಾಂಕರ್ ಒಡೆದಿರಬೇಕು ಎಂದು ನಾವು ಊಹಿಸುತ್ತೇವೆ. ಓಶನ್ ಸೆರಾಯಾ ಟ್ಯಾಂಕರ್ ಆಗಿರಲಿಲ್ಲ. ತೀರಕ್ಕೆ ಬಂದದ್ದು ಹಡಗು ತನ್ನ ಎಂಜಿನ್ ಓಡಿಸಲು ಇಟ್ಟುಕೊಂಡಿದ್ದ ಇಂಧನ. 2020ರ ಜುಲೈ 25ರಂದು ಮಾರಿಷಸ್‌ನ ಹವಳದ ದಿಬ್ಬಕ್ಕೆ ಏರಿದ 'ವಾಕಾಶಿಯೋ' ಹಡಗಿನಲ್ಲೂ ಹೀಗೇ ಆಯಿತು. ಅದರ ಸರಕಿನ ಕೋಣೆಗಳು ಖಾಲಿಯಿದ್ದವು, ಆದರೂ ಸುಮಾರು 1,000 ಟನ್ ಇಂಧನ ಸಮುದ್ರಕ್ಕೆ ಹೋಯಿತು. ಅಂದರೆ ಕಲ್ಲಿದ್ದಲು, ಅದಿರು, ಗೋಧಿ, ಏನನ್ನೇ ಸಾಗಿಸಲಿ, ಪ್ರತಿ ದೊಡ್ಡ ಹಡಗೂ ನೂರಾರು ಟನ್ ಎಣ್ಣೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ತಿರುಗುತ್ತದೆ.

ಆ ಎಣ್ಣೆಯ ಲೆಕ್ಕ ಇಡುವವರು, ಅದನ್ನು ತುಂಬಿಸಿಕೊಳ್ಳುವವರು, ಶುದ್ಧ ಮಾಡಿ ಉರಿಸುವವರು, ಉಳಿದ ಜಿಡ್ಡನ್ನು ಏನು ಮಾಡಬೇಕೆಂದು ತೀರ್ಮಾನಿಸುವವರು ಹಡಗಿನ ಚೀಫ್ ಎಂಜಿನಿಯರ್. ಸಿನಿಮಾದಲ್ಲಿ ಕ್ಯಾಪ್ಟನ್ ಮಾತ್ರ ಕಾಣಿಸುತ್ತಾರೆ. ಚೀಫ್ ಎಂಜಿನಿಯರ್ ಎಂದರೆ ಕೆಳಗೆ ಸ್ಪ್ಯಾನರ್ ಹಿಡಿದ ದೊಡ್ಡ ಮೆಕ್ಯಾನಿಕ್ ಎಂಬ ಕಲ್ಪನೆ ಸಾಕಷ್ಟು ಜನರಲ್ಲಿದೆ. ಅದು ಎಷ್ಟು ನಿಜ ಎಂದು ನೋಡೋಣ.

ಕ್ಯಾಪ್ಟನ್‌ಗಿಂತ ಮೇಲೋ ಕೆಳಗೋ?

ನಮ್ಮ ಕರಾವಳಿಯ ಮೀನುಗಾರಿಕಾ ಬೋಟಿನಲ್ಲಿ ತಾಂಡೇಲನೇ ಎಲ್ಲ. ಬಲೆ ಎಲ್ಲಿ ಬಿಡಬೇಕು, ಯಾವಾಗ ದಡಕ್ಕೆ ತಿರುಗಬೇಕು, ಎಂಜಿನ್ ಸದ್ದು ಬದಲಾದರೆ ಏನು ಮಾಡಬೇಕು ಎನ್ನುವುದೆಲ್ಲ ಅವನ ತಲೆಯಲ್ಲೇ ಇರುತ್ತದೆ. ದೊಡ್ಡ ಹಡಗಿನಲ್ಲಿ ಈ ಕೆಲಸ ಎರಡಾಗಿ ಸೀಳುತ್ತದೆ. ಹಡಗು ಎಲ್ಲಿಗೆ, ಹೇಗೆ ಹೋಗಬೇಕು ಎಂಬುದು ಡೆಕ್ ವಿಭಾಗದ ಕೆಲಸ. ಹೋಗುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದು ಎಂಜಿನ್ ವಿಭಾಗದ ಕೆಲಸ. ಎರಡನೆಯದರ ಮುಖ್ಯಸ್ಥ ಚೀಫ್ ಎಂಜಿನಿಯರ್.

ಹೆಗಲ ಮೇಲಿನ ಪಟ್ಟಿ ಇಬ್ಬರಿಗೂ ನಾಲ್ಕು. ಆದರೆ ಅಂತಿಮ ಅಧಿಕಾರ ಕ್ಯಾಪ್ಟನ್‌ದೇ. ಹಡಗು, ಜನ, ಪರಿಸರ ಇವುಗಳ ಸುರಕ್ಷತೆಯ ವಿಷಯದಲ್ಲಿ ಕ್ಯಾಪ್ಟನ್ ಮಾತೇ ಮೇಲೆ ಎಂದು ಅಂತರರಾಷ್ಟ್ರೀಯ ನಿಯಮಗಳೇ ಹೇಳುತ್ತವೆ. ಹಾಗಿದ್ದರೂ ಎಂಜಿನ್ ಈ ವೇಗದಲ್ಲಿ ಓಡಬಹುದೇ, ಈ ಜನರೇಟರನ್ನು ನಂಬಬಹುದೇ, ರಿಪೇರಿಗೆ ಎಷ್ಟು ಗಂಟೆ ಬೇಕು ಎಂಬ ಪ್ರಶ್ನೆಗಳಿಗೆ ಕ್ಯಾಪ್ಟನ್ ಬಳಿ ಸ್ವಂತ ಉತ್ತರ ಇರುವುದಿಲ್ಲ. ಚೀಫ್ ಹೇಳಿದ್ದನ್ನು ನಂಬಿ ಅವರು ನಿರ್ಧರಿಸಬೇಕು. ಚೀಫ್ ಎಂಜಿನಿಯರ್ ಹುದ್ದೆಯ ತೂಕ ಇರುವುದು ಈ ನಂಬಿಕೆಯಲ್ಲಿ ಎಂದು ನಮಗನ್ನಿಸುತ್ತದೆ.

ಭಾರತೀಯರು ಹೆಚ್ಚಿರುವ ಹಡಗುಗಳಲ್ಲಿ ಚೀಫ್ ಎಂಜಿನಿಯರನ್ನು 'ಬಡಾ ಸಾಬ್' ಎನ್ನುವುದು ರೂಢಿ. ಅವರ ಕೆಳಗೆ ಸೆಕೆಂಡ್ ಎಂಜಿನಿಯರ್, ಆಮೇಲೆ 'ತೀನ್ ಸಾಬ್' ಮತ್ತು 'ಚಾರ್ ಸಾಬ್', ಅಂದರೆ ಮೂರನೇ ಮತ್ತು ನಾಲ್ಕನೇ ಎಂಜಿನಿಯರುಗಳು. ವಿದ್ಯುತ್ ಕೆಲಸಕ್ಕೆ ಒಬ್ಬ ಎಲೆಕ್ಟ್ರಿಕಲ್ ಅಧಿಕಾರಿ, ಜೊತೆಗೆ ಫಿಟ್ಟರ್, ಮೋಟರ್‌ಮ್ಯಾನ್, ವೈಪರ್, ತರಬೇತಿಯ ಹುಡುಗರು. ಇಪ್ಪತ್ತು, ಇಪ್ಪತ್ತೈದು ಜನರ ಹಡಗಿನಲ್ಲಿ ಎಂಜಿನ್ ವಿಭಾಗದವರು ಎಂಟೋ ಹತ್ತೋ ಮಂದಿ. ದಿನನಿತ್ಯದ ಕೆಲಸ ಹಂಚುವುದು, ಬೆವರು ಸುರಿಸುವುದು ಹೆಚ್ಚಾಗಿ ಸೆಕೆಂಡ್ ಎಂಜಿನಿಯರ್ ಪಾಲಿಗೆ. ಬಡಾ ಸಾಬ್ ಕೈಯಲ್ಲಿ ಸ್ಪ್ಯಾನರ್‌ಗಿಂತ ಪೆನ್ನು ಹೆಚ್ಚು ಹೊತ್ತು ಇರುತ್ತದೆ. ಬಿಡಿಭಾಗಗಳ ಬೇಡಿಕೆ ಪಟ್ಟಿ, ಖರ್ಚಿನ ಲೆಕ್ಕ, ಪ್ರತಿದಿನ ಮಧ್ಯಾಹ್ನ ಕಂಪನಿಗೆ ಹೋಗುವ ಇಂಧನ ವರದಿ, ತಪಾಸಣೆಗೆ ಬರುವವರಿಗೆ ಉತ್ತರ, ಕೈಕೆಳಗಿನವರ ವಿಶ್ರಾಂತಿ ಸಮಯದ ದಾಖಲೆ. ಯಂತ್ರದ ಮೇಲಿನ ಪ್ರೀತಿಗಾಗಿ ಈ ಕೆಲಸಕ್ಕೆ ಬಂದವರಿಗೆ ಬಡ್ತಿ ಸಿಕ್ಕಿದ ಮೇಲೆ ಯಂತ್ರವೇ ದೂರವಾಗುವುದು ಸ್ವಲ್ಪ ವಿಚಿತ್ರವೇ.

ನೀರಿನ ಮಟ್ಟಕ್ಕಿಂತ ಕೆಳಗೆ ಏನಿದೆ?

ಕಾರವಾರದ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್ಎಸ್ ಚಪಲ್ ಕ್ಷಿಪಣಿ ದೋಣಿಯನ್ನು ನೀವು ನೋಡಿರಬಹುದು. (ಅದು 1971ರ ಯುದ್ಧದಲ್ಲಿ ಭಾಗವಹಿಸಿತ್ತು ಎಂದು ಕೆಲವೆಡೆ ಬರೆದಿರುತ್ತಾರೆ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ.) ಅದು ವೇಗಕ್ಕಾಗಿ ಕಟ್ಟಿದ ಪುಟ್ಟ ದೋಣಿ. ವ್ಯಾಪಾರಿ ಹಡಗಿನ ಎಂಜಿನ್ ಬೇರೆಯೇ ಜಾತಿ.

ದೊಡ್ಡ ಸರಕು ಹಡಗಿನ ಮುಖ್ಯ ಎಂಜಿನ್ ಮೂರು ನಾಲ್ಕು ಮಹಡಿಯ ಮನೆಯಷ್ಟು ಎತ್ತರ. ಅಷ್ಟು ದೊಡ್ಡದಾದರೂ ಅದು ತಿರುಗುವುದು ನಿಮಿಷಕ್ಕೆ ನೂರು ಸುತ್ತಿನ ಆಸುಪಾಸಿನಲ್ಲಿ. ನಿಮ್ಮ ಬೈಕ್ ಎಂಜಿನ್ ನಿಂತಲ್ಲೇ ಅದಕ್ಕಿಂತ ಹತ್ತು ಪಟ್ಟು ವೇಗವಾಗಿ ತಿರುಗುತ್ತದೆ. ಹೆಚ್ಚಿನ ಹಡಗುಗಳಲ್ಲಿ ನಡುವೆ ಗೇರ್ ಇಲ್ಲ, ಕ್ಲಚ್ ಇಲ್ಲ. ಎಂಜಿನ್ ತಿರುಗಿದರೆ ಹಿಂದಿನ ಪ್ರೊಪೆಲ್ಲರ್ ತಿರುಗುತ್ತದೆ, ಅಷ್ಟೆ. ಹಡಗು ಹಿಂದಕ್ಕೆ ಹೋಗಬೇಕೆಂದರೆ ಎಂಜಿನ್ ನಿಲ್ಲಿಸಿ, ವಿರುದ್ಧ ದಿಕ್ಕಿನಲ್ಲಿ ಮತ್ತೆ ಶುರು ಮಾಡಬೇಕು. ಶುರು ಮಾಡುವುದು ಒತ್ತಿ ತುಂಬಿಟ್ಟ ಗಾಳಿಯಿಂದ. ಈ ಗಾಳಿಯ ಸಿಲಿಂಡರುಗಳು ಖಾಲಿಯಾದರೆ ಬಂದರಿನ ಬಾಯಲ್ಲಿ ಹಡಗಿಗೆ ಬ್ರೇಕೂ ಇಲ್ಲ, ರಿವರ್ಸೂ ಇಲ್ಲ.

ಇದರ ಜೊತೆಗೆ ವಿದ್ಯುತ್ತಿಗೆ ಸಾಮಾನ್ಯವಾಗಿ ಮೂರು ಜನರೇಟರು, ಬಾಯ್ಲರ್, ಎಂಜಿನ್ನಿನ ಬಿಸಿಯಿಂದಲೇ ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರ, ಚುಕ್ಕಾಣಿ ತಿರುಗಿಸುವ ಹೈಡ್ರಾಲಿಕ್ ವ್ಯವಸ್ಥೆ, ಶೌಚದ ನೀರು ಶುದ್ಧೀಕರಿಸುವ ಘಟಕ, ತರಕಾರಿ ಮೀನು ಇಡುವ ಶೀತಕೋಣೆ. ಎಲ್ಲವೂ ಚೀಫ್ ಹೊಣೆಯೇ. ಒಂದು ಪುಟ್ಟ ಊರಿನ ಹೆಸ್ಕಾಂ, ನೀರು ಸರಬರಾಜು, ಒಳಚರಂಡಿ, ಗ್ಯಾರೇಜು ಎಲ್ಲ ಒಬ್ಬರ ಕೈಗೆ ಕೊಟ್ಟ ಹಾಗೆ. ಎಂಜಿನ್ ಕೋಣೆಯ ಉಷ್ಣತೆ 40 ಡಿಗ್ರಿ ದಾಟುವುದು ಮಾಮೂಲು. ಈಗಿನ ಬಹುತೇಕ ಹಡಗುಗಳಲ್ಲಿ ರಾತ್ರಿ ಎಂಜಿನ್ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಏನಾದರೂ ಏರುಪೇರಾದರೆ ಪಾಳಿಯ ಎಂಜಿನಿಯರ್ ಮಲಗಿರುವ ಕೋಣೆಯಲ್ಲಿ ಅಲಾರಂ ಬಡಿಯುತ್ತದೆ. ಅವರು ಕೆಳಗಿಳಿಯುತ್ತಾರೆ. ಅವರಿಗೆ ಬಗೆಹರಿಯದಿದ್ದರೆ ಬಡಾ ಸಾಬ್ ನಿದ್ದೆ ಹೋಯಿತು.

ಇಂಧನ ಎಂದರೆ ಡೀಸೆಲ್ ಅಲ್ಲವೇ?

ಪೂರ್ತಿ ಅಲ್ಲ. ಕಚ್ಚಾ ತೈಲದಿಂದ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ತೆಗೆದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಗಸಿಯೇ ಬಹುಕಾಲದಿಂದ ಹಡಗುಗಳ ಮುಖ್ಯ ಇಂಧನ. ಡಾಂಬರಿಗೆ ಇದು ಹತ್ತಿರದ ಸಂಬಂಧಿ. ತಣ್ಣಗಿದ್ದಾಗ ಪಂಪಿಗೇ ಏರುವುದಿಲ್ಲ. ಟ್ಯಾಂಕಿನಲ್ಲೇ ಬಿಸಿ ಮಾಡಿ, ವೇಗವಾಗಿ ತಿರುಗುವ ಶುದ್ಧೀಕರಣ ಯಂತ್ರದಲ್ಲಿ ನೀರು ಮತ್ತು ಕಸ ಬೇರ್ಪಡಿಸಿ, ಮತ್ತೆ ನೂರು ಡಿಗ್ರಿಗಿಂತ ಹೆಚ್ಚು ಕಾಯಿಸಿ ಎಂಜಿನ್ನಿಗೆ ಕೊಡಬೇಕು. ಮಧ್ಯಮ ಗಾತ್ರದ ಸರಕು ಹಡಗೊಂದು ದಿನಕ್ಕೆ 25ರಿಂದ 35 ಟನ್ ಸುಡಬಲ್ಲದು.

ಇದರ ಹೊಗೆಯಲ್ಲಿ ಗಂಧಕ ಹೆಚ್ಚು. 2020ರ ಜನವರಿ 1ರಿಂದ ಜಗತ್ತಿನಾದ್ಯಂತ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ. 3.50ರಿಂದ ಶೇ. 0.50ಕ್ಕೆ ಇಳಿಸಲಾಯಿತು. ಹೊಗೆ ತೊಳೆಯುವ ಸಾಧನ ಇರುವ ಹಡಗುಗಳಿಗೆ ಮಾತ್ರ ವಿನಾಯಿತಿ. ಕಡಿಮೆ ಗಂಧಕಕ್ಕಾಗಿ ಹಲವು ಬಗೆಯ ಎಣ್ಣೆ ಬೆರೆಸುವುದು ಹೆಚ್ಚಿತು. ಒಂದು ಟ್ಯಾಂಕಿನಲ್ಲಿ ಹಳೆಯದರ ಜೊತೆ ಹೊಸದನ್ನು ಬೆರೆಸಿದರೆ ಹಾಲು ಒಡೆದಂತೆ ಒಡೆದು ಗಸಿ ಕಟ್ಟಬಹುದು. ಹಾಗಾಗಿ ಯಾವ ಟ್ಯಾಂಕಿಗೆ ಯಾವುದು ಎಂಬ ಯೋಜನೆ ಚೀಫ್ ತಲೆನೋವು.

ಇಂಧನ ತುಂಬಿಸಿಕೊಳ್ಳುವುದಕ್ಕೆ ಬಂಕರಿಂಗ್ ಎನ್ನುತ್ತಾರೆ. ನಾವು ಪೆಟ್ರೋಲ್ ಬಂಕ್‌ನಲ್ಲಿ ಮೀಟರ್ ನೋಡಿ ಹಣ ಕೊಟ್ಟು ಬರುತ್ತೇವೆ. ಇಲ್ಲಿ ಗಂಟೆಗೆ ನೂರಾರು ಟನ್ ಎಣ್ಣೆ ದಪ್ಪ ಕೊಳವೆಯಲ್ಲಿ ನುಗ್ಗುತ್ತಿರುತ್ತದೆ. ಟ್ಯಾಂಕ್ ಪೂರ್ತಿ ತುಂಬಿಸುವಂತಿಲ್ಲ, ಬಿಸಿಯಾದಾಗ ಹಿಗ್ಗಲು ಜಾಗ ಬೇಕು. ಡೆಕ್ಕಿನ ನೀರು ಹೊರಹೋಗುವ ತೂತುಗಳನ್ನೆಲ್ಲ ಮೊದಲೇ ಮುಚ್ಚಬೇಕು, ಉಕ್ಕಿದರೂ ಸಮುದ್ರಕ್ಕೆ ಬೀಳಬಾರದು. ಎಣ್ಣೆ ಬರುತ್ತಿರುವಾಗಲೇ ಹನಿಹನಿಯಾಗಿ ಮಾದರಿ ಸಂಗ್ರಹಿಸಿ ಮೊಹರು ಹಾಕಬೇಕು. ರಶೀದಿಯನ್ನು ಮೂರು ವರ್ಷ, ಮಾದರಿಯನ್ನು ಕನಿಷ್ಠ ಒಂದು ವರ್ಷ ಇಡಬೇಕು. ಒಂದು ಕವಾಟ ತಪ್ಪಾಗಿ ತೆರೆದರೆ ಇಡೀ ಬಂದರು ಕಪ್ಪಾಗುತ್ತದೆ.

ಮಾದರಿಗೆ ಇಷ್ಟು ಮಹತ್ವ ಏಕೆ ಎಂಬುದಕ್ಕೆ 2022ರ ಸಿಂಗಪುರದ ಪ್ರಕರಣ ನೋಡಿ. ಅಲ್ಲಿ ಸುಮಾರು 200 ಹಡಗುಗಳಿಗೆ ಕ್ಲೋರಿನ್ ಸಂಯುಕ್ತಗಳು ಬೆರೆತ ಇಂಧನ ಹೋಯಿತು. ಅವುಗಳಲ್ಲಿ 80ರಷ್ಟು ಹಡಗುಗಳು ಪಂಪು ಮತ್ತು ಎಂಜಿನ್ ತೊಂದರೆ ವರದಿ ಮಾಡಿದವು. ಕಣ್ಣಿಗೆ ಕಾಣದ, ಸಾಮಾನ್ಯ ಪರೀಕ್ಷೆಯಲ್ಲೂ ಸಿಗದ ಕಲ್ಮಶ ಅದು. ಇಂಥ ಎಣ್ಣೆ ಬಂದಾಗ ಚೀಫ್‌ಗೆ ಆಸರೆ ಎಂದರೆ ಆ ಮೊಹರು ಹಾಕಿದ ಬಾಟಲಿ.

ಜಿಡ್ಡು ನೀರಿನ ಲೆಕ್ಕ

ದೇವಬಾಗದ ಮೀನುಗಾರರಿಗೂ ಚೀಫ್ ಎಂಜಿನಿಯರಿಗೂ ಇರುವ ನಿಜವಾದ ನಂಟು ಇಲ್ಲಿದೆ.

ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಎಂಜಿನ್ ಕೋಣೆಯಲ್ಲಿ ಎಣ್ಣೆ, ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಅದೆಲ್ಲ ತಳದಲ್ಲಿ ಸೇರಿ ಬಿಲ್ಜ್ ನೀರು ಎನಿಸಿಕೊಳ್ಳುತ್ತದೆ. ಹಡಗು ಮಾಲಿನ್ಯ ತಡೆಯುವ 'ಮಾರ್ಪೋಲ್' ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಈ ನೀರನ್ನು ಎಣ್ಣೆ ಬೇರ್ಪಡಿಸುವ ಯಂತ್ರದಲ್ಲಿ ಹಾಯಿಸಿ, ಹತ್ತು ಲಕ್ಷ ಭಾಗದಲ್ಲಿ 15 ಭಾಗಕ್ಕಿಂತ ಹೆಚ್ಚು ಎಣ್ಣೆ ಇಲ್ಲದಿದ್ದರೆ ಮಾತ್ರ, ಅದೂ ಹಡಗು ಚಲಿಸುತ್ತಿರುವಾಗ, ಹೊರಬಿಡಬಹುದು. ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಸಾವಿರ ಲೀಟರ್ ಟ್ಯಾಂಕಿನ ನೀರಿನಲ್ಲಿ ಮೂರು ಟೀ ಚಮಚ ಎಣ್ಣೆ. ಅದಕ್ಕಿಂತ ಹೆಚ್ಚಾದರೆ ಮಾಪಕವೇ ಕವಾಟ ತಿರುಗಿಸಿ ನೀರನ್ನು ಒಳಗೆ ವಾಪಸ್ ಕಳುಹಿಸುತ್ತದೆ. ಬೇರ್ಪಟ್ಟ ಜಿಡ್ಡನ್ನು ಹಡಗಿನಲ್ಲೇ ಸುಡಬೇಕು, ಇಲ್ಲವೇ ಬಂದರಿನಲ್ಲಿ ಹಣ ಕೊಟ್ಟು ಇಳಿಸಬೇಕು. ಪ್ರತಿಯೊಂದು ಹೆಜ್ಜೆಯೂ 'ಆಯಿಲ್ ರೆಕಾರ್ಡ್ ಬುಕ್' ಎಂಬ ಪುಸ್ತಕಕ್ಕೆ ಏರಬೇಕು. ಪ್ರತಿ ನಮೂದಿಗೆ ಕೆಲಸ ಮಾಡಿಸಿದ ಅಧಿಕಾರಿಯ ಸಹಿ, ಪ್ರತಿ ಪುಟಕ್ಕೆ ಕ್ಯಾಪ್ಟನ್ ಸಹಿ.

ಯಂತ್ರ ಕೆಟ್ಟಿದೆ, ಟ್ಯಾಂಕ್ ತುಂಬಿದೆ, ಬಂದರಿನಲ್ಲಿ ಇಳಿಸಲು ಕಂಪನಿ ಖರ್ಚು ಕೊಡಲು ಒಲ್ಲದು. ಆಗ ಅಡ್ಡದಾರಿಯ ಆಸೆ ಹುಟ್ಟುತ್ತದೆ. ಯಂತ್ರವನ್ನು ಬಳಸಿ ಹೋಗುವಂತೆ ಒಂದು ತಾತ್ಕಾಲಿಕ ಕೊಳವೆ ಜೋಡಿಸಿ, ರಾತ್ರಿ ನೇರ ಸಮುದ್ರಕ್ಕೆ ಬಿಡುವುದು. ಹಡಗಿನವರ ಬಾಯಲ್ಲಿ ಇದಕ್ಕೆ 'ಮ್ಯಾಜಿಕ್ ಪೈಪ್' ಎಂದೇ ಹೆಸರು. 2013ರ ಆಗಸ್ಟ್ 26ರಂದು 'ಕೆರಿಬಿಯನ್ ಪ್ರಿನ್ಸೆಸ್' ಎಂಬ ಪ್ರವಾಸಿ ಹಡಗು ಇಂಗ್ಲೆಂಡ್ ಕರಾವಳಿಯ ಬಳಿ ಹೀಗೆ ಸುಮಾರು 16,000 ಲೀಟರ್ ಜಿಡ್ಡುನೀರು ಹೊರಬಿಟ್ಟಿತು. ಆಗಷ್ಟೇ ಸೇರಿದ್ದ ಒಬ್ಬ ಕಿರಿಯ ಎಂಜಿನಿಯರ್ ಅದನ್ನು ಬ್ರಿಟಿಷ್ ಅಧಿಕಾರಿಗಳಿಗೆ ತಿಳಿಸಿದರು. ಚೀಫ್ ಎಂಜಿನಿಯರ್ ಆ ಕೊಳವೆ ಬಿಚ್ಚಿಸಿ, ಕೈಕೆಳಗಿನವರಿಗೆ ಸುಳ್ಳು ಹೇಳಲು ಸೂಚಿಸಿದ್ದು ತನಿಖೆಯಲ್ಲಿ ಹೊರಬಂತು. 2016ರಲ್ಲಿ ಕಂಪನಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಇಂಥ ಹಲವು ಮೊಕದ್ದಮೆಗಳಲ್ಲಿ ಅಮೆರಿಕ ಹಿಡಿಯುವ ಎಳೆ ಎಣ್ಣೆ ಎಲ್ಲಿ ಸುರಿದಿರಿ ಎಂಬುದಲ್ಲ. ಸುಳ್ಳು ಬರೆದ ಪುಸ್ತಕವನ್ನು ನಮ್ಮ ಬಂದರಿಗೆ ತಂದಿರಿ ಎಂಬುದು. ದೂರದ ಸಮುದ್ರದಲ್ಲಿ ಯಾರೂ ನೋಡಿಲ್ಲದಿದ್ದರೂ ಪುಸ್ತಕದ ಲೆಕ್ಕ ಕೂಡದಿದ್ದರೆ ಸಾಕು, ಚೀಫ್ ಜೈಲಿಗೆ ಹೋಗಬಹುದು.

ಹಾಗಾದರೆ ಮಳೆಗಾಲದ ಆರಂಭದಲ್ಲಿ ಗೋವಾ, ಕಾರವಾರದ ತೀರಗಳಿಗೆ ಬರುವ ಕಪ್ಪು ಟಾರ್ ಬಾಲ್‌ಗಳೆಲ್ಲ ಎಂಜಿನ್ ಕೋಣೆಯಿಂದಲೇ ಬಂದವೇ? ಹಾಗೆ ಹೇಳಲಾಗದು. ಸಮುದ್ರಕ್ಕೆ ಬಿದ್ದ ಎಣ್ಣೆಯ ಹಗುರ ಅಂಶ ಆವಿಯಾಗಿ, ಉಳಿದದ್ದು ಗಾಳಿ ಅಲೆಗೆ ಉರುಳಿ ಉಂಡೆಯಾಗುತ್ತದೆ. ನೈಋತ್ಯ ಗಾಳಿ ಅದನ್ನು ದಡಕ್ಕೆ ತಳ್ಳುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಉಂಡೆಗಳ ರಾಸಾಯನಿಕ 'ಬೆರಳಚ್ಚು' ತೆಗೆದು ಹೋಲಿಸಿದಾಗ ಟ್ಯಾಂಕರುಗಳ ಟ್ಯಾಂಕ್ ತೊಳೆದ ನೀರು ಮತ್ತು ಬಾಂಬೆ ಹೈ ತೈಲ ಕ್ಷೇತ್ರದ ಕಡೆಗೂ ಬೊಟ್ಟು ಮಾಡಿದ್ದಾರೆ. ನಮ್ಮದೇ ಬೋಟುಗಳು ಜೆಟ್ಟಿಯಲ್ಲಿ ಚೆಲ್ಲುವ ಹಳೆ ಎಂಜಿನ್ ಆಯಿಲ್ ಕೂಡ ನೀರಿಗೇ ಹೋಗುತ್ತದೆ ಎಂಬುದನ್ನೂ ಮರೆಯಬಾರದು. ಹಡಗಿನವರನ್ನು ಬೈಯುವಾಗ ಇದು ನೆನಪಿರಲಿ.

ಕಾಲಿಗೆ ಟಾರ್ ಅಂಟಿದರೆ ಸೀಮೆಎಣ್ಣೆ ಅಥವಾ ಪೆಟ್ರೋಲ್ ಹಾಕಿ ಉಜ್ಜುವ ಅಭ್ಯಾಸ ಬಿಡುವುದು ಒಳ್ಳೆಯದು, ಅವು ಚರ್ಮಕ್ಕೆ ಇನ್ನಷ್ಟು ಕೆಡುಕು. ಅಡುಗೆ ಎಣ್ಣೆ ಹಚ್ಚಿ ಒರೆಸಿ ಸೋಪಿನಿಂದ ತೊಳೆದರೆ ಸಾಕು. ಅಲ್ಪಸ್ವಲ್ಪ ತಾಗಿದರೆ ಹೆಚ್ಚಿನವರಿಗೆ ಅಪಾಯವಿಲ್ಲ, ಅಲರ್ಜಿ ಇರುವವರಿಗೆ ತುರಿಕೆ, ದದ್ದು ಬರಬಹುದು. ದೊಡ್ಡ ಪ್ರಮಾಣದಲ್ಲಿ ಎಣ್ಣೆ ಕಂಡರೆ ಕೋಸ್ಟ್ ಗಾರ್ಡ್ ಸಹಾಯವಾಣಿ 1554ಕ್ಕೆ ತಿಳಿಸಿ.

ಕರೆಂಟ್ ಹೋದರೆ?

2024ರ ಮಾರ್ಚ್ 26ರ ನಡುರಾತ್ರಿ ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಹೊರಟ, ಸುಮಾರು 300 ಮೀಟರ್ ಉದ್ದದ 'ಡಾಲಿ' ಹಡಗಿನ ದೀಪಗಳು ಆರಿದವು. ಬಂದವು. ಮತ್ತೆ ಆರಿದವು. ನಿಯಂತ್ರಣ ಕಳೆದುಕೊಂಡ ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಬಡಿಯಿತು. ಸೇತುವೆಯ ಮೇಲೆ ರಸ್ತೆ ದುರಸ್ತಿ ಮಾಡುತ್ತಿದ್ದ ಆರು ಕಾರ್ಮಿಕರು ಸತ್ತರು. ಹಡಗಿನ 21 ಸಿಬ್ಬಂದಿಯಲ್ಲಿ 20 ಮಂದಿ ಭಾರತೀಯರು.

2025ರ ನವೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಾರಣ ಹೇಳಿತು. ಒಂದು ಸಿಗ್ನಲ್ ತಂತಿಯ ಮೇಲಿನ ಹೆಸರುಪಟ್ಟಿ ಸರಿಯಾದ ಜಾಗದಲ್ಲಿ ಇರಲಿಲ್ಲ, ಹಾಗಾಗಿ ತಂತಿಯ ತುದಿ ಜೋಡಣೆಯೊಳಗೆ ಪೂರ್ತಿ ಕೂತಿರಲಿಲ್ಲ. ಅದು ಸಡಿಲವಾಗಿ ಮೊದಲ ಕತ್ತಲು. ಜನರೇಟರುಗಳಿಗೆ ಇಂಧನ ಕೊಡಲು ಬೇರೆ ಉದ್ದೇಶದ ಫ್ಲಶಿಂಗ್ ಪಂಪನ್ನು ಬಳಸಲಾಗುತ್ತಿತ್ತು. ಅದು ವಿದ್ಯುತ್ ಮರಳಿದ ಮೇಲೆ ತಾನಾಗಿ ಶುರುವಾಗುವಂಥದ್ದಲ್ಲ. ಹಾಗಾಗಿ ಎರಡನೇ ಕತ್ತಲು. ಸಾವಿರಾರು ತಂತಿಗಳಲ್ಲಿ ಒಂದು. 'ಸದ್ಯಕ್ಕೆ ನಡೆಯುತ್ತದೆ' ಎಂದು ಬಿಟ್ಟ ಒಂದು ಪಂಪು. ಹಡಗನ್ನು ನಡೆಸುವ ಕಂಪನಿ, ಕಟ್ಟಿದವರು, ತಪಾಸಣೆ ಮಾಡುವವರು ಎಲ್ಲರ ಪಾಲೂ ಇಂಥದ್ದರಲ್ಲಿ ಇರುತ್ತದೆ. ಆದರೆ ಹಡಗಿನ ಮೇಲೆ 'ಇದು ಹೀಗೆ ನಡೆಯಬಾರದು' ಎಂದು ಹೇಳಬಲ್ಲ ಎಂಜಿನ್ ವಿಭಾಗದ ಕೊನೆಯ ಧ್ವನಿ ಚೀಫ್‌ದು.

ಇಂಥ ಹೊತ್ತಿಗಾಗಿ ನೀರಿನ ಮಟ್ಟಕ್ಕಿಂತ ಮೇಲೆ, ಎಂಜಿನ್ ಕೋಣೆಯ ಹೊರಗೆ ಒಂದು ತುರ್ತು ಜನರೇಟರ್ ಇರುತ್ತದೆ. ಮುಖ್ಯ ವಿದ್ಯುತ್ ಹೋದ 45 ಸೆಕೆಂಡಿನೊಳಗೆ ಅದು ತಾನಾಗಿ ಶುರುವಾಗಿ ತುರ್ತು ದೀಪ, ರೇಡಿಯೊ, ಚುಕ್ಕಾಣಿಯಂಥವಕ್ಕೆ ವಿದ್ಯುತ್ ಕೊಡಬೇಕು. ದೊಡ್ಡ ಹಡಗನ್ನು ನಿಲ್ಲಿಸುವಷ್ಟು ಬಲ ಅದಕ್ಕಿಲ್ಲ.

ಲಂಗರು ಹಾಕಿ ನಿಂತ ಹಡಗಿಗೆ ಎಂಜಿನ್ ಬೇಡ ಎಂದುಕೊಳ್ಳುವುದೂ ತಪ್ಪೇ. ಮಳೆಗಾಲದಲ್ಲಿ ನಮ್ಮ ತೀರದತ್ತಲೇ ಗಾಳಿ ಬೀಸುತ್ತದೆ. ಲಂಗರು ತಳದಲ್ಲಿ ಜಾರಲು ಶುರುವಾದರೆ ಹಡಗು ಬರುವುದು ದಡದ ಕಡೆಗೆ, ಬಂಡೆಗಳ ಕಡೆಗೆ. ಆಗ ಎಂಜಿನ್ ಎಷ್ಟು ನಿಮಿಷದಲ್ಲಿ ತಯಾರಾಗುತ್ತದೆ ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ಹಾಗಾಗಿ ಲಂಗರಿನಲ್ಲಿದ್ದಾಗ ಮುಖ್ಯ ಎಂಜಿನ್ ಬಿಚ್ಚಿ ರಿಪೇರಿ ಮಾಡಬೇಕೆಂದರೆ ಚೀಫ್ ಮೊದಲು ಕ್ಯಾಪ್ಟನ್‌ಗೆ ಹೇಳಬೇಕು, ಬಂದರಿನ ಅನುಮತಿಯನ್ನೂ ಪಡೆಯಬೇಕು. ಅಂಕೋಲೆಯ ಕೇಣಿಯಲ್ಲಿ ಹೊಸ ಬಂದರು ಬೇಕೇ ಬೇಡವೇ ಎಂಬ ಜಗಳದಲ್ಲಿ ಮೀನುಗಾರರು ಕೇಳುವ ಪ್ರಶ್ನೆಗಳು ಹಲವು. ಅವುಗಳ ಜೊತೆ ನಾವು ಇನ್ನೊಂದನ್ನು ಸೇರಿಸುತ್ತೇವೆ: ಹೊರಗೆ ಕಾಯುತ್ತ ನಿಲ್ಲುವ ಹಡಗುಗಳ ಎಂಜಿನ್ ಸಿದ್ಧತೆಯನ್ನು, ಜಿಡ್ಡು ಇಳಿಸುವ ವ್ಯವಸ್ಥೆಯನ್ನು ಯಾರು ನೋಡುತ್ತಾರೆ?

ಬೆಂಕಿ, ಮತ್ತು ಹಡಗು ಬಿಡುವ ಗಳಿಗೆ

ಬಿಸಿ ಲೋಹದ ಮೇಲೆ ಎಣ್ಣೆ ಚಿಮ್ಮಿದರೆ ಬೆಂಕಿ. ಎಂಜಿನ್ ಕೋಣೆಯ ಬೆಂಕಿ ಕೈಮೀರಿದರೆ ಬಾಗಿಲು, ಗಾಳಿಯ ದಾರಿ ಎಲ್ಲ ಮುಚ್ಚಿ ಕಾರ್ಬನ್ ಡೈಆಕ್ಸೈಡ್ ತುಂಬುವುದು ಹೆಚ್ಚಿನ ಹಡಗುಗಳಲ್ಲಿರುವ ಕೊನೆಯ ಅಸ್ತ್ರ. ಅದು ಬೆಂಕಿಯ ಉಸಿರು ನಿಲ್ಲಿಸುವಂತೆ ಒಳಗಿರುವ ಮನುಷ್ಯನ ಉಸಿರನ್ನೂ ನಿಲ್ಲಿಸುತ್ತದೆ. ಆದ್ದರಿಂದ ಆದೇಶ ಕ್ಯಾಪ್ಟನ್‌ದಾದರೂ, ಒಳಗೆ ಯಾರೂ ಉಳಿದಿಲ್ಲ ಎಂದು ತಲೆ ಎಣಿಸಿ ಖಚಿತ ಮಾಡುವ ಭಾರ ಚೀಫ್ ಮೇಲೆ ಬೀಳುತ್ತದೆ.

ಕಾರವಾರದವರಿಗೆ ಹಡಗಿನ ಬೆಂಕಿ ದೂರದ ಕತೆಯಲ್ಲ. 2019ರ ಏಪ್ರಿಲ್ 26ರಂದು ವಿಮಾನವಾಹಕ ನೌಕೆ ಐಎನ್ಎಸ್ ವಿಕ್ರಮಾದಿತ್ಯ ಕಾರವಾರದ ನೌಕಾನೆಲೆ ಪ್ರವೇಶಿಸುತ್ತಿದ್ದಾಗ ಬೆಂಕಿ ಕಾಣಿಸಿಕೊಂಡಿತು. ಅದನ್ನು ಆರಿಸುವ ತಂಡದ ಮುಂದಾಳಾಗಿದ್ದ ಲೆಫ್ಟಿನೆಂಟ್ ಕಮಾಂಡರ್ ಡಿ.ಎಸ್. ಚೌಹಾಣ್ ಹೊಗೆಯಲ್ಲಿ ಪ್ರಜ್ಞೆ ತಪ್ಪಿ, ನಂತರ ಆಸ್ಪತ್ರೆಯಲ್ಲಿ ತೀರಿಕೊಂಡರು. ನೌಕಾಪಡೆಯ ವ್ಯವಸ್ಥೆ ಬೇರೆ, ಅಲ್ಲಿನ ಹುದ್ದೆಯ ಹೆಸರುಗಳೂ ಬೇರೆ. ಉರಿಯುವ ಕೋಣೆಗೆ ಯಾರಾದರೂ ಇಳಿಯಲೇಬೇಕು ಎಂಬುದು ಮಾತ್ರ ಎರಡೂ ಕಡೆ ಒಂದೇ.

2025ರ ಮೇ 24ರಂದು ಕೊಚ್ಚಿಯ ಹೊರಗೆ 'ಎಂಎಸ್‌ಸಿ ಎಲ್ಸಾ 3' ಎಂಬ ಕಂಟೇನರ್ ಹಡಗು ವಾಲಿದಾಗ 24 ಸಿಬ್ಬಂದಿಯಲ್ಲಿ 21 ಮಂದಿಯನ್ನು ಅಂದೇ ಪಾರು ಮಾಡಲಾಯಿತು. ಹಡಗು ಉಳಿಸುವ ಪ್ರಯತ್ನಕ್ಕೆ ಮೂವರು ಹಡಗಿನಲ್ಲೇ ಉಳಿದರು: ಕ್ಯಾಪ್ಟನ್, ಚೀಫ್ ಎಂಜಿನಿಯರ್, ಸೆಕೆಂಡ್ ಎಂಜಿನಿಯರ್. ಮರುದಿನ ಹಡಗು ಮುಳುಗುವ ಮೊದಲು ನೌಕಾಪಡೆಯ ಐಎನ್ಎಸ್ ಸುಜಾತಾ ಅವರನ್ನು ರಕ್ಷಿಸಿತು.

ನೇರಳೆ ಪಟ್ಟಿಯ ಕತೆ

ಎಂಜಿನಿಯರುಗಳ ಹೆಗಲ ಪಟ್ಟಿಯಲ್ಲಿ ಚಿನ್ನದ ಗೆರೆಗಳ ನಡುವೆ ನೇರಳೆ ಬಣ್ಣ ಇರುತ್ತದೆ. 1912ರಲ್ಲಿ ಟೈಟಾನಿಕ್ ಮುಳುಗುವಾಗ ಕೊನೆಯವರೆಗೂ ದೀಪ ಉರಿಸುತ್ತ ಸತ್ತ ಎಂಜಿನಿಯರುಗಳ ಗೌರವಕ್ಕೆ ಇಂಗ್ಲೆಂಡಿನ ರಾಜ ಈ ಬಣ್ಣ ಕೊಟ್ಟ ಎಂಬ ಕತೆ ವಾಟ್ಸಾಪಿನಲ್ಲಿ ಆಗಾಗ ಬರುತ್ತದೆ. ಅರ್ಧ ನಿಜ. ಚೀಫ್ ಎಂಜಿನಿಯರ್ ಜೋಸೆಫ್ ಬೆಲ್ ಸೇರಿದಂತೆ ಟೈಟಾನಿಕ್‌ನ ಎಂಜಿನಿಯರುಗಳಲ್ಲಿ ಒಬ್ಬರೂ ಉಳಿಯಲಿಲ್ಲ. ಆದರೆ ಬ್ರಿಟಿಷ್ ನೌಕಾಪಡೆಯ ಎಂಜಿನಿಯರುಗಳು ನೇರಳೆ ಬಣ್ಣವನ್ನು ಅದಕ್ಕಿಂತ ಎಷ್ಟೋ ಮೊದಲೇ ಧರಿಸುತ್ತಿದ್ದರು.

ಈ ಹುದ್ದೆಗೆ ದಾರಿ

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಸರಾಸರಿ ಶೇ. 60 ಪಡೆದವರು ಭಾರತೀಯ ಕಡಲ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು ನಾಲ್ಕು ವರ್ಷದ ಮರೈನ್ ಎಂಜಿನಿಯರಿಂಗ್ ಸೇರಬಹುದು. ಇಂಗ್ಲಿಷ್‌ನಲ್ಲಿ ಶೇ. 50 ಬೇಕು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವರಿಗೆ ಒಂದು ವರ್ಷದ ಕೋರ್ಸ್ ಇದೆ. ಮಂಗಳೂರಿನಲ್ಲೂ ಮರೈನ್ ಕಾಲೇಜು ಇದೆ. ಆಮೇಲೆ ಸಮುದ್ರದ ಮೇಲೆ ತರಬೇತಿ, ಒಂದೊಂದೇ ದರ್ಜೆಯ ಅರ್ಹತಾ ಪರೀಕ್ಷೆ, ಲಿಖಿತವೂ ಮೌಖಿಕವೂ. ಭಾರತದಲ್ಲಿ ಇದನ್ನು ನಡೆಸುವುದು ಡಿಜಿ ಶಿಪ್ಪಿಂಗ್. ದೊಡ್ಡ ಹಡಗಿನ ಚೀಫ್ ಆಗಲು ಅಧಿಕಾರಿಯಾದ ಮೇಲೆ ಕನಿಷ್ಠ 36 ತಿಂಗಳು ಸಮುದ್ರ ಸೇವೆ ಆಗಿರಬೇಕು, ಅದರಲ್ಲಿ 12 ತಿಂಗಳು ಸೆಕೆಂಡ್ ಎಂಜಿನಿಯರ್ ಅರ್ಹತೆಯೊಂದಿಗೆ ಹೊಣೆಯ ಸ್ಥಾನದಲ್ಲಿ ಕಳೆದಿರಬೇಕು. ನಡುವೆ ರಜೆ, ಪರೀಕ್ಷೆ ಸೇರಿದರೆ ಹತ್ತು ವರ್ಷದ ಆಸುಪಾಸು ಹಿಡಿಯುವುದು ಸಾಮಾನ್ಯ. ಇದು ಗಂಡಸರ ಕೆಲಸ ಎಂಬ ಮಾತನ್ನು ಸೋನಾಲಿ ಬ್ಯಾನರ್ಜಿ 1999ರಲ್ಲೇ ಭಾರತದ ಮೊದಲ ಮಹಿಳಾ ಮರೈನ್ ಎಂಜಿನಿಯರ್ ಆಗಿ ಸುಳ್ಳು ಮಾಡಿದ್ದಾರೆ.

ಕರಾವಳಿಯ ಮನೆಗಳಿಗೆ ಒಂದು ಎಚ್ಚರಿಕೆ. ಹಡಗಿನಲ್ಲಿ ಕೆಲಸ ಕೊಡಿಸುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ನಾವಿಕರ ದುಡಿಮೆಯ ಕುರಿತ 2006ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಕೆಲಸ ಕೊಡಿಸುವುದಕ್ಕೆ ನಾವಿಕನಿಂದ ಶುಲ್ಕ ಪಡೆಯುವಂತಿಲ್ಲ. ಭಾರತವೂ ಅದನ್ನು ಒಪ್ಪಿದೆ. ಏಜೆಂಟ್ ಕಂಪನಿಗೆ ಡಿಜಿ ಶಿಪ್ಪಿಂಗ್ ಕೊಟ್ಟ ಆರ್‌ಪಿಎಸ್‌ಎಲ್ ಪರವಾನಗಿ ಸಂಖ್ಯೆ ಇರಬೇಕು. ಹುಡುಗನ ಪಾಸ್‌ಪೋರ್ಟ್ ಕೈಗೆ ಕೊಡುವ ಮೊದಲು ಆ ಸಂಖ್ಯೆಯನ್ನು ಇಲಾಖೆಯ ಜಾಲತಾಣದ ಪಟ್ಟಿಯಲ್ಲಿ ಹುಡುಕಿ. ಹೆಸರು ಇದೆಯೇ, ಪರವಾನಗಿ ಈಗಲೂ ಚಾಲ್ತಿಯಲ್ಲಿದೆಯೇ, ಎರಡನ್ನೂ ನೋಡಿ.